ಮದುವೆಗೆ ಮುಂಚೆಯೇ ಹೇಳಬೇಕಾದ ಮಾತು

ಸಂಪಾದಕರೇ,

ನಮ್ಮ ಓಣಿಯ ಹುಡುಗಿಯೊಬ್ಬಳಿಗೆ ಚಿಕ್ಕಂದಿನಿಂದ ಫಿಟ್ಸ್ ಇದೆ. ಗಂಡನ ಮನೆಯಲ್ಲಿ ಹೇಳಿಲ್ಲ. ಗುಳಿಗೆಯನ್ನು ಟ್ರಂಕಿನಲ್ಲಿ ಸೀರೆ ಮಡಿಕೆಯೊಳಗೆ ಇಟ್ಟುಕೊಂಡು ನುಂಗುತ್ತಾಳೆ. ತಿಂಗಳು ತಿಂಗಳು ಅಣ್ಣ ತಂದುಕೊಡುತ್ತಾನೆ, ಅದೂ ಮಡಿಚಿ ಮಡಿಚಿ ಹರಿದುಹೋದ ಹಳೇ ಚೀಟಿ ತೋರಿಸಿ. ಆ ಗುಳಿಗೆಯ ಹೆಸರು ಸೋಡಿಯಂ ವಾಲ್‌ಪ್ರೊಯೇಟ್. ಬಸಿರಾದರೆ ಅದರಿಂದ ಮಗುವಿಗೆ ತೊಂದರೆ ಆಗಬಹುದು ಅಂತ ಅವಳಿಗೆ ಇವತ್ತಿನವರೆಗೂ ಯಾರೂ ಹೇಳಿಲ್ಲ.

ಸಾಮಾನ್ಯವಾಗಿ 100 ಮಕ್ಕಳಲ್ಲಿ 2-3 ಮಕ್ಕಳಿಗೆ ಹುಟ್ಟಿನಿಂದಲೇ ದೊಡ್ಡ ಊನ ಇರುತ್ತದೆ. ಬಸಿರಲ್ಲಿ ತಾಯಿ ಈ ಗುಳಿಗೆ ತೆಗೆದುಕೊಂಡಿದ್ದರೆ ಅದು ಸುಮಾರು 10ಕ್ಕೆ ಏರುತ್ತದೆ. ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳದೆ ಇರಬಹುದು, ಅಂಗುಳು ಸೀಳಿರಬಹುದು, ಹೃದಯದಲ್ಲಿ ದೋಷ ಇರಬಹುದು. ಇಂಥ 100ರಲ್ಲಿ 30ರಿಂದ 40 ಮಕ್ಕಳಿಗೆ ಮಾತು, ನಡಿಗೆ, ಕಲಿಕೆಯಲ್ಲಿ ತೊಂದರೆ ಕಾಣಿಸಬಹುದು, ಅದು ಯಾವ ಸ್ಕ್ಯಾನಿಂಗ್‌ನಲ್ಲೂ ಕಾಣುವುದಿಲ್ಲ. ಬ್ರಿಟನ್ 2018ರಲ್ಲೇ ಈ ಗುಳಿಗೆಗೆ ಕಟ್ಟುನಿಟ್ಟಿನ ನಿಯಮ ಮಾಡಿತು. ಮಕ್ಕಳಾಗುವ ವಯಸ್ಸಿನ ಹೆಣ್ಣುಮಕ್ಕಳಿಗೆ ಇದನ್ನು ಕೊಡಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೂ 2023ರಲ್ಲಿ ಹೇಳಿದೆ.

ಮಗುವಿನ ಬೆನ್ನುಹುರಿ ಮುಚ್ಚಿಕೊಳ್ಳುವುದು ಬಸಿರು ನಿಂತ ಮೊದಲ ನಾಲ್ಕು ವಾರದಲ್ಲಿ. ಮುಟ್ಟು ತಪ್ಪಿದೆ ಅಂತ ಗೊತ್ತಾಗಿ, ಅತ್ತೆಗೆ ಹೇಳಿ, ತಾಯಿ ಕಾರ್ಡ್ ಮಾಡಿಸುವಷ್ಟರಲ್ಲಿ ಆ ಕಾಲ ಮುಗಿದೇ ಹೋಗಿರುತ್ತದೆ. ಮೂರನೇ ತಿಂಗಳಲ್ಲಿ ಎಚ್ಚರಿಸಿ ಏನು ಪ್ರಯೋಜನ, ಅಲ್ವಾ?

ಇದನ್ನು ಓದಿ ದಯವಿಟ್ಟು ಯಾರೂ ಗುಳಿಗೆ ನಿಲ್ಲಿಸಬೇಡಿ. ತಟ್ಟನೆ ಬಿಟ್ಟರೆ ಬಿಡದೆ ಫಿಟ್ಸ್ ಬಂದು ತಾಯಿ-ಮಗು ಇಬ್ಬರ ಜೀವಕ್ಕೂ ಅಪಾಯ. ಲೆವೆಟಿರಸಿಟಮ್, ಲ್ಯಾಮೊಟ್ರಿಜಿನ್‌ನಂಥ ಗುಳಿಗೆಗಳಲ್ಲಿ ಈ ಅಪಾಯ ಬಹಳ ಕಡಿಮೆ, ಆದರೆ ಬದಲಾಯಿಸುವುದು ಡಾಕ್ಟರ ಕೆಲಸ, ಅದಕ್ಕೆ ತಿಂಗಳುಗಟ್ಟಲೆ ಹಿಡಿಯಬಹುದು. ಕೆಲವರಿಗೆ ವಾಲ್‌ಪ್ರೊಯೇಟ್ ಬಿಟ್ಟರೆ ಬೇರೆ ಯಾವುದೂ ನಾಟುವುದಿಲ್ಲ ಎನ್ನುವುದೂ ನಿಜ. ಫೋಲಿಕ್ ಆಸಿಡ್ ಬಸಿರಿಗೆ ಮೊದಲೇ ಶುರು ಮಾಡಬೇಕು, ಆದರೆ ಅದೊಂದನ್ನೇ ನಂಬಿ ಕೂರುವಂತಿಲ್ಲ. ಫಿಟ್ಸ್ ಇರುವ ಹೆಚ್ಚಿನ ತಾಯಂದಿರಿಗೆ ಚೆನ್ನಾಗಿರುವ ಮಕ್ಕಳೇ ಹುಟ್ಟುತ್ತವೆ. ಫಿಟ್ಸ್ ಇದೆ ಅಂತ ಸಂಬಂಧ ಮುರಿಯುವವರು ಇದನ್ನು ಮೊದಲು ತಿಳಿದುಕೊಳ್ಳಲಿ. ಆ ಭಯಕ್ಕೇ ಅಲ್ವಾ ಹುಡುಗಿಯರು ಗುಳಿಗೆ ಬಚ್ಚಿಡುವುದು!

ಗದಗ ಜಿಲ್ಲಾ ಆರೋಗ್ಯ ಇಲಾಖೆಗೆ ನನ್ನ ವಿನಂತಿ ಇಷ್ಟೇ. ಹೆಣ್ಣುಮಗಳಿಗೆ ಈ ಗುಳಿಗೆ ಬರೆದರೆ ಚೀಟಿಯಲ್ಲೇ ಕನ್ನಡದಲ್ಲಿ ಎಚ್ಚರಿಕೆ ಇರಲಿ. ಮೆಡಿಕಲ್ ಶಾಪ್‌ನವರು ವರ್ಷಗಟ್ಟಲೆ ಹಳೇ ಚೀಟಿಗೆ ಸುಮ್ನೆ ಗುಳಿಗೆ ಕೊಡದಂತೆ ನೋಡಿಕೊಳ್ಳಿ. ಹೊಸದಾಗಿ ಮದುವೆಯಾದವರ ಮನೆಗೆ ಹೋಗುವ ಆಶಾ ಕಾರ್ಯಕರ್ತೆ ಸೊಸೆಯನ್ನು ಪಕ್ಕಕ್ಕೆ ಕರೆದು, ಅತ್ತೆಯ ಎದುರಿಗಲ್ಲ, ಫಿಟ್ಸ್ ಗುಳಿಗೆ ಏನಾದರೂ ನಡೆದಿದೆಯಾ ಅಂತ ಕೇಳಲಿ.

– ಓದುಗರೊಬ್ಬರು, ಗದಗ