ತಂಗಳು ಪಟ್ಟಿ, ದಂಡದ ಓಡಾಟ

ಮಾನ್ಯ ಸಂಪಾದಕರೇ,

ಮಂಡ್ಯದಲ್ಲಿ ಹದಿನಾಲ್ಕು ವರ್ಷದಿಂದ ಒಂದು ಸೈಬರ್ ಸೆಂಟರ್ ಇಟ್ಟುಕೊಂಡಿದ್ದೇನೆ. ಎರಡು ಕಂಪ್ಯೂಟರ್, ಒಂದು ಜೆರಾಕ್ಸ್ ಯಂತ್ರ, ಕಾಯುವವರಿಗೆ ಒಂದು ಬೆಂಚು. ಈ ಪತ್ರದಲ್ಲಿ ದೂರು ಇದೆ. ಆದರೆ ಮೊದಲ ತಪ್ಪು ನನ್ನದೇ.

ಆಗಸ್ಟ್ ಮೊದಲ ವಾರ ಬಸರಾಳು ಕಡೆಯ ರೈತರೊಬ್ಬರು ಬಂದರು. ಕಚೇರಿಯವರು ಜಾಲತಾಣದಲ್ಲಿ ಹಾಕಿದ್ದ ಸಹಾಯಧನದ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ‘ಖಾತೆ ಸಂಖ್ಯೆ ತಾಳೆಯಾಗಿಲ್ಲ’ ಎಂದಿತ್ತು. ಪಾಸ್‌ಬುಕ್ ಜೆರಾಕ್ಸ್ ಮಾಡಿಕೊಟ್ಟು ಕಚೇರಿಗೆ ಕಳಿಸಿದೆ. ಅಲ್ಲಿಯವರು ಮೂರೇ ದಿನದಲ್ಲಿ ಸರಿಪಡಿಸಿ ಹೊಸ ಪಟ್ಟಿ ಹಾಕಿದ್ದರಂತೆ. ಅದು ಗೊತ್ತಾಗಿದ್ದು ಆಮೇಲೆ. ನಾಲ್ಕನೇ ದಿನ ಬಂದಾಗ ನನ್ನ ಪರದೆಯ ಮೇಲೆ ಹಳೇ ಸಾಲೇ ಕಂಡಿತು. “ಇನ್ನೂ ಆಗಿಲ್ಲ ಗೌಡ್ರೇ, ಇನ್ನೊಂದ್ಸಲ ಹೋಗ್ಬನ್ನಿ” ಅಂದೆ. ಅಲ್ಲಿ ಗುಮಾಸ್ತರು “ಆಗೋಯ್ತಲ್ಲ ಯಜಮಾನ್ರೇ” ಅಂದರು. ಆರನೇ ದಿನ ಮತ್ತೆ ನನ್ನ ಬಳಿ, ಮತ್ತೆ ಅದೇ ಸಾಲು. ದೊಡ್ಡ ಉಪಕಾರ ಮಾಡಿದವನಂತೆ ಪ್ರಿಂಟ್ ಬೇರೆ ತೆಗೆದುಕೊಟ್ಟೆ. ಅದನ್ನು ಹಿಡಿದುಕೊಂಡು ಹೋಗಿ ಗುಮಾಸ್ತರ ಹತ್ತಿರ ಜಗಳವಾಡಿ ಬಂದರು. ನಾಟಿ ಹೊತ್ತಿನಲ್ಲಿ ಮೂರು ದಿನದ ಕೆಲಸ ಹೋಯಿತು, ಬಸ್ ಚಾರ್ಜು ಬೇರೆ.

ಕೊನೆಗೆ ಬೆಂಚಿನ ಮೇಲೆ ಕೂತಿದ್ದ ಕಾಲೇಜು ಹುಡುಗಿಯೊಬ್ಬಳು ತನ್ನ ಮೊಬೈಲಿನಲ್ಲಿ ಅದೇ ಪಟ್ಟಿ ತೆರೆದಳು. ‘ಅಂಗೀಕೃತ’ ಎಂದಿತ್ತು. ಗೌಡರು ನನ್ನ ಮುಖ ನೋಡಿದರು. ನಾನು ಕೀಬೋರ್ಡ್ ನೋಡಿದೆ.

ಆದದ್ದಿಷ್ಟು. ಒಮ್ಮೆ ತೆರೆದ ಕಡತದ ಪ್ರತಿಯನ್ನು ಬ್ರೌಸರ್ ಕಂಪ್ಯೂಟರಿನಲ್ಲೇ ಇಟ್ಟುಕೊಂಡಿರುತ್ತದೆ, ಮುಂದಿನ ಸಲ ಬೇಗ ತೋರಿಸಲಿಕ್ಕೆ. ಇದಕ್ಕೆ ಕ್ಯಾಶೆ ಎನ್ನುತ್ತಾರೆ. (“ಕ್ಯಾಶ್ ಕ್ಲಿಯರ್ ಮಾಡ್ಬೇಕು” ಎಂದು ನಾನಂದರೆ “ಎಷ್ಟಪ್ಪಾ?” ಎಂದು ಜೇಬಿಗೆ ಕೈ ಹಾಕಿದವರಿದ್ದಾರೆ.) ಪ್ರತಿಯನ್ನು ಎಷ್ಟು ಹೊತ್ತು ಇಟ್ಟುಕೊಳ್ಳಬಹುದು ಎಂದು ಸರ್ವರ್, ಅಂದರೆ ಕಡತ ಕಳಿಸುವ ಆ ಕಡೆಯ ಕಂಪ್ಯೂಟರ್, ಹೇಳಬೇಕು. ಹೇಳದಿದ್ದರೆ ಬ್ರೌಸರ್ ತಾನೇ ಅಂದಾಜು ಹಾಕುತ್ತದೆ. ಕಡತ ಬದಲಾಗಿ ಎಷ್ಟು ದಿನವಾಗಿದೆಯೋ ಅದರ ಹತ್ತರಲ್ಲೊಂದು ಪಾಲು ಕಾಲ ಅದಿನ್ನೂ ಹಳಸಿಲ್ಲ ಎಂದುಕೊಳ್ಳುವುದು ವಾಡಿಕೆ. 2022ರ ಕ್ಯಾಶೆ ನಿಯಮಾವಳಿ ಆರ್‌ಎಫ್‌ಸಿ 9111 ಕೂಡ ಈ ಶೇ 10ರ ಲೆಕ್ಕವನ್ನೇ ಹೇಳುತ್ತದೆ. ಆ ಹಳೇ ಪಟ್ಟಿ ಮೇ ಮೊದಲ ವಾರದ್ದು. ಮೂರು ತಿಂಗಳಿಗೆ ಒಂಬತ್ತು ದಿನ. ಗೌಡರು ಓಡಾಡಿದ್ದೆಲ್ಲ ಆ ಒಂಬತ್ತು ದಿನದೊಳಗೇ. ಹೊಸ ಪಟ್ಟಿಯ ಕಡತಕ್ಕೂ ಕಚೇರಿಯವರು ಹಳೇ ಹೆಸರನ್ನೇ ಇಟ್ಟಿದ್ದರಿಂದ ಎರಡೂ ಬೇರೆ ಎಂದು ಬ್ರೌಸರಿಗೆ ತಿಳಿಯುವ ದಾರಿಯೇ ಇರಲಿಲ್ಲ. ನಾನೋ, ಪ್ರತಿ ಸಲವೂ ಲಿಂಕ್ ಒತ್ತಿ ತೆರೆಯುತ್ತಿದ್ದೆನೇ ಹೊರತು ರಿಫ್ರೆಶ್ ಒತ್ತಲೇ ಇಲ್ಲ. ಕಂಟ್ರೋಲ್ ಹಿಡಿದು ಎಫ್5 ಒತ್ತಿದ್ದರೆ ಎರಡು ಸೆಕೆಂಡಿನ ಕೆಲಸ. ಹಳೇ ಪ್ರತಿ ಬಳಸದ ಇನ್‌ಕಾಗ್ನಿಟೊ ಕಿಟಕಿಯಲ್ಲಿ ತೆರೆದಿದ್ದರೂ ಹೊಸದೇ ಬರುತ್ತಿತ್ತು.

ಹಾಗೆಂದು ಏನೇ ಆದರೂ ‘ಎಲ್ಲಾ ಕ್ಲಿಯರ್ ಮಾಡಿ’ ಎನ್ನುವ ನಮ್ಮವರ ವೈದ್ಯವೂ ಬೇಡ. ಮೊಬೈಲ್ ಆ್ಯಪ್‌ಗಳಲ್ಲಿ ‘ಕ್ಲಿಯರ್ ಕ್ಯಾಶೆ’ ಒತ್ತಿದರೆ ತಾತ್ಕಾಲಿಕ ಕಡತಗಳಷ್ಟೇ ಹೋಗುತ್ತವೆ. ಪಕ್ಕದಲ್ಲೇ ಇರುವ ‘ಕ್ಲಿಯರ್ ಡೇಟಾ’ ಒತ್ತಿದರೆ ಲಾಗಿನ್, ಸೆಟ್ಟಿಂಗ್ ಎಲ್ಲ ಅಳಿಸಿಹೋಗುತ್ತದೆ. ಹಣ ಕಳಿಸುವ ಆ್ಯಪ್‌ನಲ್ಲಿ ಹೀಗೆ ಮಾಡಿಕೊಂಡು, ಮತ್ತೆ ನೋಂದಾಯಿಸಲು ಎಸ್ಸೆಮ್ಮೆಸ್ ಹೋಗುವಷ್ಟೂ ಕರೆನ್ಸಿ ಇಲ್ಲದೆ ನನ್ನ ಅಂಗಡಿಯಲ್ಲಿ ಪೇಚಾಡಿದವರನ್ನು ಕಂಡಿದ್ದೇನೆ.

ಇನ್ನು ದೂರು. ಮಳೆಗಾಲದಲ್ಲಿ ಈ ಜಿಲ್ಲೆಯ ಜನ ಬೆಳಗಾದರೆ ಕೆಆರ್‌ಎಸ್ ಮಟ್ಟ ನೋಡುತ್ತಾರೆ, ಗರಿಷ್ಠ 124.80 ಅಡಿ ಎನ್ನುವುದು ಮಕ್ಕಳಿಗೂ ಬಾಯಿಪಾಠ. ನಿಮ್ಮ ಪತ್ರಿಕೆಯಲ್ಲಿ ಆ ಅಂಕಿ ನಂಬಿಕೆಗೆ ಅರ್ಹ ಯಾಕೆಂದರೆ ಪುಟದ ನೆತ್ತಿಯ ಮೇಲೆ ತಾರೀಖು ಇರುತ್ತದೆ. ಆ ಪಟ್ಟಿಯಲ್ಲಿ ಹುಡುಕಿದರೂ ತಾರೀಖಿರಲಿಲ್ಲ. ಇದ್ದಿದ್ದರೆ ‘ಇದು ಮೇ ತಿಂಗಳದ್ದು’ ಎಂದು ಗೌಡರೇ ನನಗೆ ತೋರಿಸುತ್ತಿದ್ದರು. ಪಟ್ಟಿ ಹಾಕುವ ಕಚೇರಿಗಳು ಮೊದಲ ಸಾಲಿನಲ್ಲೇ ದಿನಾಂಕ, ಗಂಟೆ ಅಚ್ಚು ಹಾಕಲಿ, ಕಡತದ ಹೆಸರಿಗೂ ದಿನಾಂಕ ಸೇರಿಸಲಿ. ಸರ್ವರ್ ನೋಡಿಕೊಳ್ಳುವವರು ಇಂಥ ಕಡತಗಳಿಗೆ ‘ನೋ-ಕ್ಯಾಶೆ’ ಸೂಚನೆ ಕೊಡಲಿ. ಹೆಸರು ಕೇಳಿದರೆ ಪ್ರತಿ ಇಟ್ಟುಕೊಳ್ಳಲೇಬೇಡ ಎಂದಂತಿದೆ, ನಿಜದಲ್ಲಿ ಅದರ ಅರ್ಥ ತೋರಿಸುವ ಮುನ್ನ ಸರ್ವರನ್ನು ಒಂದು ಮಾತು ಕೇಳು ಎಂದು. ಬದಲಾಗಿಲ್ಲದಿದ್ದರೆ ಸರ್ವರ್ ‘304’ ಎಂದಷ್ಟೇ ಉತ್ತರಿಸುತ್ತದೆ, ಇಡೀ ಕಡತ ಮತ್ತೆ ಇಳಿಯುವುದಿಲ್ಲ. ಸರ್ವರ್ ಮೇಲೆ ಹೊರೆ ಬೀಳುತ್ತದೆ ಎಂಬ ನೆಪಕ್ಕೂ ಇಲ್ಲಿ ಜಾಗವಿಲ್ಲ.

ಕಚೇರಿಗೆ ಹೋಗಿ ಇದನ್ನೇ ಹೇಳಿಬಂದೆ. ಗುಮಾಸ್ತರಿಗೆ ಕ್ಷಮಾಪಣೆಯನ್ನೂ ಹೇಳಿದೆ. ಗೌಡರ ಬೈಗುಳ ಅವರಿಗೆ ಬರಬೇಕಾದ್ದಲ್ಲ. “ಮೇಲಿನವರಿಗೆ ತಿಳಿಸ್ತೀವಿ” ಅಂದರು. ಮೊನ್ನೆ ಇನ್ನೊಂದು ಪಟ್ಟಿ ಹಾಕಿದ್ದಾರೆ. ಹೆಸರು ಅದೇ, ತಾರೀಖು ಇಲ್ಲ.

— ಸೈಬರ್ ಸೆಂಟರ್‌ನವನೊಬ್ಬ, ಮಂಡ್ಯ