ಸಂಸದರೇ, ಒಂದು ಸಂಜೆ ನಮ್ಮ ಗಾಡಿಯಿಂದ ಇಳಿದು ನೋಡಿ

ಕಲಬುರಗಿ, ರಾಯಚೂರು, ಬೀದರ್ ಕ್ಷೇತ್ರಗಳ ಮಾನ್ಯ ಲೋಕಸಭಾ ಸದಸ್ಯರಿಗೆ,

ಶರಣು ಶರಣಾರ್ಥಿ.

ಒಬ್ಬರಿಗೆ ಬರೆಯಬೇಕಾದ ಪತ್ರ ಇದು. ಮೂವರಿಗೆ ಬರೆಯುತ್ತಿದ್ದೇನೆ. ನನ್ನ ವೋಟು ಕಲಬುರಗಿಗೆ. ದಿನಾ ನನ್ನ ಎದುರು ಸೀಟಿನಲ್ಲಿ ಕೂರುವ ಯಾದಗಿರಿಯ ಮಾಸ್ತರರ ವೋಟು ರಾಯಚೂರಿಗೆ. ನಮ್ಮ ಲ್ಯಾಬಿನಲ್ಲಿ ಕೆಲಸ ಮಾಡುವ ಹುಮನಾಬಾದಿನ ಹುಡುಗಿಯದು ಬೀದರಿಗೆ. ಮೂವರ ರೈಲಿನ ಗೋಳೂ ಒಂದೇ. ಹೇಳಿಕೊಳ್ಳುವ ಬಾಗಿಲು ಮಾತ್ರ ಬೇರೆ ಬೇರೆ.

ರೈಲಿನವರ ಲೆಕ್ಕದಲ್ಲೂ ಹಾಗೇ ಇದೆ. ಕಲಬುರಗಿ ಸೊಲ್ಲಾಪುರ ವಿಭಾಗ. ಯಾದಗಿರಿ ಇನ್ನೊಂದು ವಿಭಾಗ. ಬೀದರ್ ಸಿಕಂದರಾಬಾದ್ ವಿಭಾಗ. ಅಂದರೆ ಮೂರು ಜಿಲ್ಲೆಗಳ ರೈಲನ್ನು ನೋಡಿಕೊಳ್ಳುವ ವಿಭಾಗದ ಆಫೀಸುಗಳೆಲ್ಲ ಕರ್ನಾಟಕದ ಹೊರಗೇ ಇವೆ. ಕಲಬುರಗಿಗೆ ತನ್ನದೇ ವಿಭಾಗ ಬೇಕು ಎಂದು ರೈಲ್ವೆ ಸುಧಾರಣೆಯ ಸರೀನ್ ಸಮಿತಿ ಹೇಳಿದ್ದು 1984ರಲ್ಲಿ. ನಮ್ಮ ಭಾಗದವರೇ ರೈಲ್ವೆ ಮಂತ್ರಿ ಆಗಿದ್ದಾಗ, 2014ರ ಹೊತ್ತಿಗೆ, ಮಂಜೂರೂ ಆಯಿತು. ಆಫೀಸು ಇನ್ನೂ ಬಂದಿಲ್ಲ. ಇದನ್ನು ನಿಮಗೆ ಹೇಳಿದವರು ಬಹಳ ಜನ ಇದ್ದಾರೆ, ನಾನು ಇಲ್ಲಿಗೇ ಬಿಡುತ್ತೇನೆ. ನನಗೆ ಬೇಕಾದದ್ದು ಅದಕ್ಕಿಂತ ಚಿಕ್ಕದು.

ನಾನು ಕಲಬುರಗಿಯ ಒಂದು ಲ್ಯಾಬಿನಲ್ಲಿ ರಕ್ತ ತಪಾಸಣೆ ಮಾಡುವವಳು. ಊರು ಕಲಬುರಗಿ-ಯಾದಗಿರಿ ಲೈನಿನ ಒಂದು ಸಣ್ಣ ಸ್ಟೇಷನ್. ಹೆಸರು ಬೇಡ. ಅಲ್ಲಿನ ಸ್ಟೇಷನ್ ಮಾಸ್ಟರ್ ಒಳ್ಳೆಯ ಮನುಷ್ಯ, ನನ್ನ ಪತ್ರದಿಂದ ಅವರಿಗೆ ಮೇಲಿನಿಂದ ಬೈಗುಳ ಬರಬಾರದು. 11 ವರ್ಷದಿಂದ ತಿಂಗಳ ಪಾಸು ಮಾಡಿಸಿ ಅಪ್‌ಡೌನ್ ಮಾಡುತ್ತಿದ್ದೇನೆ.

ಅಪ್‌ಡೌನ್ ಮಾಡೋರು ಅಂದರೆ ಯಾರು ಅಂತ ನಿಮಗೆ ಗೊತ್ತಿರಬಹುದು, ಆದರೂ ಹೇಳುತ್ತೇನೆ. ಹೈಕೋರ್ಟ್ ಪೀಠಕ್ಕೆ ಹೋಗುವ ಜೂನಿಯರ್ ವಕೀಲರು, ಯೂನಿವರ್ಸಿಟಿ ಹುಡುಗರು, ಬಟ್ಟೆ ಅಂಗಡಿಯ ಹುಡುಗಿಯರು, ಪುಂಡಿಪಲ್ಯ-ಮೆಂತೆ ಮಾರುವ ಮುದುಕಿಯರು, ದೊಡ್ಡ ಆಸ್ಪತ್ರೆಗೆ ಚೀಟಿ ಬರೆಸಿಕೊಂಡು ಬರುವ ಪೇಷಂಟುಗಳು. ಬೆಂಗಳೂರು, ಮುಂಬೈಯಲ್ಲಿ ಇಂಥವರು ಹತ್ತುವ ಗಾಡಿಗೆ ಲೋಕಲ್, ಸಬರ್ಬನ್ ಅಂತ ಒಂದು ಹೆಸರಾದರೂ ಇದೆ. ನಮ್ಮ ಗಾಡಿಗೆ ಆ ಹೆಸರಿಲ್ಲ. ಹೆಸರಿಲ್ಲದ್ದರಿಂದ ಆಫೀಸ್ ಟೈಮು ಅನ್ನುವ ಮಾತೂ ಇಲ್ಲ. ಹಿಂದಿನಿಂದ ಎಕ್ಸ್‌ಪ್ರೆಸ್ ಬಂತು ಅಂದರೆ ನಾವು ಪಕ್ಕಕ್ಕೆ ಸರಿಯಬೇಕು. ಸಿಮೆಂಟಿನ ಗೂಡ್ಸ್ ಬಂದರೂ ಒಮ್ಮೊಮ್ಮೆ ಸರಿಯಬೇಕು.

ಸರಿಯೋಣ, ಅದರ ಬಗ್ಗೆ ತಕರಾರಿಲ್ಲ. ಮುಂಬೈ-ಚೆನ್ನೈ ಲೈನು ಇದು, 1871ರಿಂದ ಇದೆ. ದೂರ ಹೋಗೋರು ಮೊದಲು ಹೋಗಲಿ. ಆದರೆ ನಮ್ಮನ್ನು ಎಲ್ಲಿ ಸರಿಸುತ್ತಾರೆ ಎಂಬುದನ್ನು ದಯವಿಟ್ಟು ಕೇಳಿ.

ಕಳೆದ ಮಳೆಗಾಲದ ಒಂದು ಸಂಜೆ. ಗಾಡಿ ಮುಕ್ಕಾಲು ಗಂಟೆ ತಡ. ನಮ್ಮ ಸ್ಟೇಷನ್ ಬಂತು, ಆದರೆ ಪ್ಲಾಟ್‌ಫಾರ್ಮ್ ಬರಲಿಲ್ಲ. ಗಾಡಿಯನ್ನು ಪ್ಲಾಟ್‌ಫಾರ್ಮ್ ಇಲ್ಲದ ಲೂಪ್ ಲೈನಿಗೆ, ಅಂದರೆ ಪಕ್ಕಕ್ಕೆ ಸರಿಸಿ ನಿಲ್ಲಿಸುವ ಹಳಿಗೆ, ಹಾಕಿದ್ದರು. ಬಾಗಿಲಲ್ಲಿ ಬಗ್ಗಿ ನೋಡಿದರೆ ಕತ್ತಲು, ಕೆಳಗೆ ಜಲ್ಲಿ. ಕೊನೆಯ ಮೆಟ್ಟಿಲಿಂದ ನೆಲಕ್ಕೆ ಎರಡೂವರೆ ಅಡಿಯಾದರೂ ಇತ್ತು. ಹುಡುಗರು ಹಾರಿದರು. ನಾನು ಮೊಬೈಲಿನ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು, ಹಿಂದುಮುಂದಾಗಿ ತಿರುಗಿ, ಹಿಡಿಕೆ ಹಿಡಿದು ಇಳಿದೆ. ನನ್ನ ಹಿಂದೆ ಪಲ್ಯ ಮಾರುವ ಅಮ್ಮ. ಖಾಲಿ ಬುಟ್ಟಿ, ಅದರಲ್ಲಿ ಒಂದು ಕೆಜಿ ಸಕ್ಕರೆ, ಮೊಮ್ಮಗನಿಗೆ ಬಿಸ್ಕಿಟ್ ಪುಡಿಕೆ. ಮೊದಲು ಬುಟ್ಟಿ ಕೊಟ್ಟಳು. ಆಮೇಲೆ ಬಾಗಿಲಲ್ಲೇ ಕೂತಳು, ಮಕ್ಕಳು ಕಟ್ಟೆಯಿಂದ ಜಾರುತ್ತವಲ್ಲ, ಹಾಗೆ. "ಯವ್ವಾ, ಕೈ ಬಿಡಬ್ಯಾಡ" ಅಂದಳು. ನಾನೂ ಇನ್ನೊಬ್ಬ ಹುಡುಗನೂ ಕಂಕುಳಿಗೆ ಕೈ ಕೊಟ್ಟು ಇಳಿಸಿದೆವು. ಸೀರೆ ಮೆಟ್ಟಿಲಿಗೆ ಸಿಕ್ಕಿ ಪರ್ರೆಂದಿತು.

ಇನ್ನು ಆ ಕಡೆ ಹೋಗಬೇಕಲ್ಲ. ನಡುವೆ ಎರಡು ಲೈನು. ಅಷ್ಟರಲ್ಲಿ ಯಾವ ಎಕ್ಸ್‌ಪ್ರೆಸ್ಸಿಗಾಗಿ ನಮ್ಮನ್ನು ಪಕ್ಕಕ್ಕೆ ಹಾಕಿದ್ದರೋ ಅದೇ ಬಂತು. ಹಾರ್ನ್ ಒಂದೇ ಸಮ. ಇಪ್ಪತ್ತು-ಇಪ್ಪತ್ತೈದು ಜನ, ಹಿಂದೆ ನಮ್ಮ ಗಾಡಿ, ಮುಂದೆ ಓಡುವ ಗಾಡಿ, ನಡುವಿನ ಸಣ್ಣ ಜಾಗದಲ್ಲಿ ಉಸಿರು ಹಿಡಿದು ನಿಂತೆವು. ಗಾಳಿಗೆ ಆಕೆಯ ಸೆರಗು ಹಾರಿ ಆ ಕಡೆ ಎಳೆಯಿತು. ನಾನು ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದೆ. ಅಷ್ಟೂ ಡಬ್ಬಿ ದಾಟುವವರೆಗೆ ಯಾರೂ ಮಾತಾಡಲಿಲ್ಲ. ದಾಟಿದ ಮೇಲೆ ಆಕೆ ಕೇಳಿದ್ದು: "ಬಿಸ್ಕಿಟ್ ಪುಡಿಕಿ ಅದ ಏನು?"

ರೈಲ್ವೆ ಕಾಯ್ದೆಯ 147ನೇ ಕಲಮಿನ ಪ್ರಕಾರ ಹೀಗೆ ಹಳಿ ದಾಟುವುದು ಅಪರಾಧ. 6 ತಿಂಗಳವರೆಗೆ ಜೈಲು, ಇಲ್ಲವೇ 1,000 ರೂಪಾಯಿವರೆಗೆ ದಂಡ. ನಮ್ಮನ್ನು ಹಳಿಯ ಮೇಲೆ ಇಳಿಸಿದವರೂ ಅವರೇ, ಹಳಿ ದಾಟಬೇಡಿ ಎಂದು ಬೋರ್ಡ್ ಬರೆಸಿದವರೂ ಅವರೇ. ನಾವು ಆ ರಾತ್ರಿ ಲೂಪ್ ಲೈನಿನಲ್ಲೇ ಮಲಗಬೇಕಿತ್ತಾ?

ಬಾಗಿಲಿನ ಕಥೆ ಇನ್ನೊಂದು. ನಮ್ಮ ಹಳೇ ಡಬ್ಬಿಗಳ ಬಾಗಿಲು ಒಳಕ್ಕೆ ತೆರೆಯುತ್ತದೆ. ತೆರೆದ ಬಾಗಿಲು ಗೋಡೆಗೆ ಕಚ್ಚಿಕೊಂಡು ನಿಲ್ಲಲು ಒಂದು ಕೊಂಡಿ ಇರುತ್ತದೆ. ನಾವು ಹತ್ತುವ ಡಬ್ಬಿಯಲ್ಲಿ ಆ ಕೊಂಡಿ ಕಿತ್ತುಹೋಗಿತ್ತು. ಡಿಪ್ಲೊಮಾ ಓದುವ ಒಬ್ಬ ಹುಡುಗ ಚೌಕಟ್ಟಿಗೆ ಕೈ ಕೊಟ್ಟು ನಿಂತಿದ್ದ. ಒಳಗೆ ನಿಲ್ಲಲು ಜಾಗ ಇರಲಿಲ್ಲ, ಶೋಕಿಗೆ ನಿಂತದ್ದಲ್ಲ. ಡ್ರೈವರ್ ಬ್ರೇಕ್ ಹಾಕಿದರು, ಬಾಗಿಲು ತಾನೇ ಬೀಸಿಕೊಂಡು ಬಂದು ಬಡಿಯಿತು. ಎರಡು ಬೆರಳು. ಉಗುರು ಎದ್ದು ಬಂದಿತ್ತು. ದಿನಾ ರಕ್ತ ನೋಡುವವಳು ನಾನು, ಆದರೂ ಕೈ ನಡುಗಿತು. ನನ್ನ ದುಪಟ್ಟಾ ಹರಿದು ಕಟ್ಟಿದೆ. ಸದ್ಯ, ಅವನು ಒಳಕ್ಕೆ ಬಿದ್ದ. ಹೊರಕ್ಕೆ ಬಿದ್ದಿದ್ದರೆ ಈ ಪತ್ರವನ್ನು ಅವನ ತಾಯಿ ಬರೆಯಬೇಕಾಗುತ್ತಿತ್ತು.

ಅಲ್ಲೇ ಕೂತು ಫೋನಿನಲ್ಲಿ ದೂರು ಕೊಟ್ಟೆ. ಮುಂದಿನ ಸ್ಟೇಷನ್ ಬರುವ ಮೊದಲೇ 'ನಿಮ್ಮ ದೂರು ಬಗೆಹರಿದಿದೆ' ಅಂತ ಮೆಸೇಜ್ ಬಂತು. ಬಗೆಹರಿದದ್ದು ಹೀಗೆ: ಯಾರೋ ಪುಣ್ಯಾತ್ಮರು ಬಾಗಿಲನ್ನು ಸುತಳಿಯಿಂದ ಕಿಟಕಿಯ ಸರಳಿಗೆ ಕಟ್ಟಿದರು. ತಿಂಗಳಾದ ಮೇಲೆ ಅದೇ ಡಬ್ಬಿ ಮತ್ತೆ ಸಿಕ್ಕಿತು. ಸುತಳಿ ಹೋಗಿ ಹಸಿರು ನೈಲಾನ್ ಹಗ್ಗ ಬಂದಿತ್ತು.

ಬಾಗಿಲಲ್ಲಿ ನಿಲ್ಲುವವರದೇ ತಪ್ಪು ಎನ್ನುವವರು ಇದ್ದಾರೆ. ಮುಂಬೈಯ ಮುಂಬ್ರಾದಲ್ಲಿ 2025ರ ಜೂನ್ 9ರಂದು ಏನಾಯಿತು? ತುಂಬಿದ ಎರಡು ಲೋಕಲ್‌ಗಳು ತಿರುವಿನಲ್ಲಿ ಎದುರುಬದುರು ದಾಟುವಾಗ ಬಾಗಿಲಲ್ಲಿ ಜೋತುಬಿದ್ದವರು ಉದುರಿದರು, ಜೀವಗಳು ಹೋದವು. ಅವತ್ತೇ ರೈಲ್ವೆ ಹೇಳಿತು, ಮುಂಬೈಗೆ ಬರುವ ಹೊಸ ಲೋಕಲ್‌ಗಳಿಗೆ ತಾನಾಗಿ ಮುಚ್ಚುವ ಬಾಗಿಲು ಅಂತ. ನಮ್ಮ ಎಷ್ಟೋ ಹಳ್ಳಿಗಳಿಂದ ಮುಂಬೈಗೆ ದುಡಿಯಲು ಹೋದವರಿದ್ದಾರೆ, ಆ ಲೋಕಲ್‌ಗಳು ನಮಗೆ ದೂರದ ಸುದ್ದಿ ಅಲ್ಲ. ಸುಪ್ರೀಂ ಕೋರ್ಟ್ ಕೂಡ 2018ರಲ್ಲೇ ಹೇಳಿದೆ: ಹತ್ತುವಾಗ, ಇಳಿಯುವಾಗ ಬಿದ್ದರೆ ಪ್ರಯಾಣಿಕನ ಅಜಾಗ್ರತೆ ಎಂದು ನೆಪ ಹೇಳಿ ಪರಿಹಾರ ತಪ್ಪಿಸುವಂತಿಲ್ಲ. ಸತ್ತರೆ 8 ಲಕ್ಷ ರೂಪಾಯಿ ಎಂದು 2017ರಿಂದ ನಿಯಮ ಇದೆ. ಒಂದು ಬಾಗಿಲ ಕೊಂಡಿಗೆ ಎಷ್ಟು ಬೀಳುತ್ತದೆ, ಯಾರಾದರೂ ಲೆಕ್ಕ ಹಾಕಿದ್ದಾರಾ?

ಬಸ್ಸಿಗೆ ಹೋಗಿ, ನಿಮಗೆ ಶಕ್ತಿ ಯೋಜನೆ ಇದೆಯಲ್ಲ ಎಂದು ನಮ್ಮ ಮನೆಯಲ್ಲೂ ಹೇಳುತ್ತಾರೆ. 2023ರ ಜೂನ್ ತಿಂಗಳಿಂದ ಬಸ್ಸು ಫ್ರೀ, ನಿಜ. ಬಸ್ಸು ಫ್ರೀ ಆಯಿತು, ಸೀಟು ಫ್ರೀ ಇರೋದಿಲ್ಲ. ದಿನಾ ಎರಡು ಸಲ ನಿಂತುಕೊಂಡೇ ಹೋಗಿ, ನಡುವೆ ಎಂಟು ಗಂಟೆ ನಿಂತುಕೊಂಡೇ ಕೆಲಸ ಮಾಡಿ ನೋಡಿದ್ದೇನೆ. ಮಂಡಿ ಒಪ್ಪಲಿಲ್ಲ. ದುಡ್ಡು ಕೊಟ್ಟು ರೈಲಿಗೆ ಬಂದವಳು ನಾನು. ಅದನ್ನೂ ರೈಲಿನವರು ಸ್ವಲ್ಪ ಗಮನಿಸಬೇಕು.

ದುಡ್ಡಿನ ವಿಷಯ ಬಂತು, ಒಂದು ಮಾತು ಹೇಳಿಬಿಡುತ್ತೇನೆ. ಕೊರೊನಾ ಆದ ಮೇಲೆ ಪ್ಯಾಸೆಂಜರ್ ಗಾಡಿಯ ನಂಬರಿನ ಮೊದಲ ಅಂಕಿಯನ್ನು ಸೊನ್ನೆ ಮಾಡಿ ಸ್ಪೆಷಲ್ ಅಂದರು. ಕನಿಷ್ಠ ಟಿಕೆಟ್ 10 ರೂಪಾಯಿಯಿಂದ 30 ಆಯಿತು. ಅದೇ ಡಬ್ಬಿ, ಅದೇ ಬಾಗಿಲು, ಅದೇ ನೀರಿಲ್ಲದ ಸಂಡಾಸು. 2024ರ ಫೆಬ್ರುವರಿಯಲ್ಲಿ ಮತ್ತೆ 10 ರೂಪಾಯಿಗೆ ಬಂತು. ಸೊನ್ನೆಗೂ ಅಷ್ಟು ಬೆಲೆ ಇರುತ್ತದೆ ಅಂತ ನಮ್ಮ ಎದುರು ಸೀಟಿನ ಮಾಸ್ತರರು, ಗಣಿತದವರು, ಇವತ್ತಿಗೂ ನಗುತ್ತಾರೆ.

ಮಹಿಳೆಯರ ಡಬ್ಬಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಪ್ಯಾಸೆಂಜರ್ ಗಾಡಿಯಲ್ಲಿ ಹೆಣ್ಣುಮಕ್ಕಳಿಗೆ ಬೇರೆ ಜಾಗ ಇರಬೇಕೆಂದು ಕಾಯ್ದೆಯ 58ನೇ ಕಲಮು ಹೇಳುತ್ತದೆ. ಜಾಗ ಇದೆ. ಅದರಲ್ಲಿ ಗಂಡಸರೂ ಇದ್ದಾರೆ. ಎದ್ದೇಳಿ ಅಂದರೆ "ಮುಂದಿನ ಸ್ಟೇಷನ್ನಿಗೆ ಇಳೀತೀವಿ ಅಕ್ಕೋರೆ" ಅನ್ನುತ್ತಾರೆ. ಆ ಮುಂದಿನ ಸ್ಟೇಷನ್ ವಾಡಿ ಬಂದರೂ ಬರುವುದಿಲ್ಲ. ಒಂಟಿಯಾಗಿ ದೂರ ಹೋಗುವ ಹೆಣ್ಣುಮಕ್ಕಳನ್ನು ರೈಲ್ವೆ ಪೊಲೀಸರು ವಿಚಾರಿಸಿಕೊಳ್ಳುವ 'ಮೇರಿ ಸಹೇಲಿ' ಎಂಬ ಒಳ್ಳೆಯ ಏರ್ಪಾಡು 2020ರಲ್ಲಿ ಬಂತು. ಅದು ದೂರದ ಗಾಡಿಗಳಿಗೆ. ರಾತ್ರಿ ಎಂಟೂವರೆಗೆ ಸಣ್ಣ ಸ್ಟೇಷನ್ನಿನಲ್ಲಿ ಇಳಿಯುವವಳಿಗೆ ಸಹೇಲಿ ಅಂದರೆ ಮೊಬೈಲಿನ ಟಾರ್ಚ್ ಮಾತ್ರ.

ಕೆಲಸವೇ ಆಗಿಲ್ಲ ಎಂದು ನಾನು ಹೇಳುವುದಿಲ್ಲ. ಡಬಲ್ ಲೈನ್ ಆಗಿದೆ, ಕರೆಂಟ್ ಬಂದಿದೆ. ಬೀದರ್-ಕಲಬುರಗಿ ನಡುವೆ 110 ಕಿ.ಮೀ. ಹೊಸ ದಾರಿ 2017ರ ಅಕ್ಟೋಬರ್‌ನಲ್ಲಿ ಶುರುವಾಯಿತು. ನಮ್ಮ ಹುಮನಾಬಾದಿನ ಹುಡುಗಿ ಊರಿಗೆ ಹೋಗುವುದೇ ಅದರಲ್ಲಿ. 2024ರ ಮಾರ್ಚ್‌ನಲ್ಲಿ ಬೆಂಗಳೂರಿಗೆ ವಂದೇ ಭಾರತ್ ಬಂತು, ನಾನೂ ಮಗನನ್ನು ಕರೆದುಕೊಂಡು ಹೋಗಿ ಫೋಟೊ ತೆಗೆಸಿಕೊಂಡೆ. ಅದರ ಬಾಗಿಲು ತಾನಾಗಿ ಮುಚ್ಚಿಕೊಂಡಾಗ ಮಗ ಚಪ್ಪಾಳೆ ಹೊಡೆದ. ನನಗೆ ಹಸಿರು ಹಗ್ಗ ನೆನಪಾಯಿತು. ಸ್ಟೇಷನ್ನುಗಳನ್ನು ಸುಧಾರಿಸುವ ಅಮೃತ್ ಭಾರತ್ ಯೋಜನೆಯಲ್ಲಿ ಕಲಬುರಗಿ, ಶಹಾಬಾದ್, ವಾಡಿ, ಗಾಣಗಾಪುರ ರೋಡ್, ಯಾದಗಿರಿ, ಬೀದರ್ ಎಲ್ಲಾ ಸೇರಿವೆ. ದೊಡ್ಡ ಸ್ಟೇಷನ್ನುಗಳಿಗೆ ಕಮಾನು ಕಟ್ಟಲಿ, ದೀಪ ಹಾಕಲಿ, ಸಂತೋಷವೇ. ಆದರೆ ಅಪ್‌ಡೌನಿನವರು ಬಹಳ ಮಂದಿ ಇಳಿಯುವುದು ಪಟ್ಟಿಯಲ್ಲಿ ಇಲ್ಲದ ಸ್ಟೇಷನ್ನುಗಳಲ್ಲಿ.

ಈಗ ನಿಮ್ಮನ್ನು ಕೇಳಬೇಕಾದದ್ದು. ಬೆಂಗಳೂರಿಗೆ 148 ಕಿ.ಮೀ. ಸಬರ್ಬನ್ ರೈಲಿಗೆ 2022ರಲ್ಲಿ ಅಡಿಗಲ್ಲು ಹಾಕಿದರು. ಅಷ್ಟು ದೊಡ್ಡದು ನಮಗೆ ಬೇಡ. ಇರುವ ಹಳಿಯ ಮೇಲೆ ಗಾಣಗಾಪುರ ರೋಡಿನಿಂದ ಯಾದಗಿರಿವರೆಗೆ ಬೆಳಿಗ್ಗೆ ಒಂದು, ಸಂಜೆ ಒಂದು ಮೆಮು, ಅಂದರೆ ಕರೆಂಟಿನಲ್ಲಿ ಓಡುವ ಲೋಕಲ್ ಗಾಡಿ, ಆಫೀಸ್ ಟೈಮಿಗೆ ಸರಿಯಾಗಿ ಓಡಲಿ. ಮೆಮುಗೆ ಎರಡೂ ತುದಿಗೆ ಡ್ರೈವರ್ ಕ್ಯಾಬಿನ್ ಇರುತ್ತದೆ, ಇಂಜಿನ್ ತಿರುಗಿಸುವ ರಗಳೆ ಇಲ್ಲ. ಬೇಗ ವೇಗ ಹಿಡಿಯುತ್ತದೆ, ಬೇಗ ನಿಲ್ಲುತ್ತದೆ. ಹತ್ತು ಕಡೆ ನಿಂತರೂ ಹಿಂದಿನ ಎಕ್ಸ್‌ಪ್ರೆಸ್ಸಿಗೆ ಅಷ್ಟು ಅಡ್ಡ ಆಗುವುದಿಲ್ಲ. ಅದರ ಬಾಗಿಲು ಅಗಲ, ಬದಿಗೆ ಸರಿಯುವಂಥದ್ದು, ಬೀಸಿಕೊಂಡು ಬಂದು ಬೆರಳು ಜಜ್ಜುವುದಿಲ್ಲ. ವಿಭಾಗದ ಗಡಿ ವಾಡಿಯ ಹತ್ತಿರ ಬದಲಾಗುತ್ತದೆ, ಅದಕ್ಕೇ ಎರಡೂ ವಿಭಾಗದವರು ಒಟ್ಟಿಗೆ ಕೂತು ಒಪ್ಪಬೇಕು. ಕೂರಿಸುವ ಕೆಲಸ ನಿಮ್ಮದು. ಬೀದರ್ ಸಂಸದರು ರೈಲಿನವರ ಹತ್ತಿರ ಹುಮನಾಬಾದ್, ಕಮಲಾಪುರದವರ ಟೈಮಿನ ಮಾತೆತ್ತಲಿ.

ಮೆಮು ಬರುವವರೆಗೆ ಇನ್ನೊಂದು. ಜನ ಇಳಿಯುವ ಗಾಡಿಯನ್ನು ಕತ್ತಲಾದ ಮೇಲೆ ಪ್ಲಾಟ್‌ಫಾರ್ಮ್ ಇಲ್ಲದ ಲೈನಿಗೆ ಹಾಕಬಾರದು. ಹಾಕಲೇಬೇಕಾದರೆ ಎಕ್ಸ್‌ಪ್ರೆಸ್ ದಾಟುವವರೆಗೆ ಯಾರೂ ಇಳಿಯಬೇಡಿ ಎಂದು ಗಾರ್ಡ್ ಸಾಹೇಬರು ಬಂದು ಹೇಳಲಿ, ಆಮೇಲೆ ಟಾರ್ಚ್ ಹಿಡಿದು ದಾಟಿಸಲಿ. ಇದಕ್ಕೆ ಬಜೆಟ್ ಬೇಡ, ಟೆಂಡರ್ ಬೇಡ. ಒಂದು ಆರ್ಡರ್ ಸಾಕು.

ವಿಭಾಗದ ಬಳಕೆದಾರರ ಸಲಹಾ ಸಮಿತಿಗೆ ಸಂಸದರು ಹೆಸರು ಶಿಫಾರಸು ಮಾಡಬಹುದು. ಈ ಸಲ ತಿಂಗಳ ಪಾಸು ಇರುವ ಯಾರನ್ನಾದರೂ ಹಾಕಿ. ನನ್ನನ್ನೇ ಹಾಕಿ ಅಂತಲ್ಲ. ಗಣಿತದ ಮಾಸ್ತರರು ಇದ್ದಾರೆ, ಯಾವ ದಿನ ಗಾಡಿ ಎಷ್ಟು ನಿಮಿಷ ತಡ ಎಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾರೆ.

ಇದೆಲ್ಲ ನಿಜವೋ ಸುಳ್ಳೋ ಎಂದು ಯಾರನ್ನೋ ಕೇಳಿ ರಿಪೋರ್ಟ್ ತರಿಸಬೇಡಿ. ನೀವೇ ಒಂದು ಸಂಜೆ ಬನ್ನಿ. ಕಾರು, ಹಿಂಬಾಲಕರು, ಹಾರ ಯಾವುದೂ ಬೇಡ. ಕಲಬುರಗಿಯಲ್ಲಿ ಟಿಕೆಟ್ ತೆಗೆಸಿ ಜನರಲ್ ಡಬ್ಬಿ ಹತ್ತಿ, ನಾವು ಜಾಗ ಮಾಡಿ ಕೊಡುತ್ತೇವೆ. ಬರುವಾಗ ಒಂದು ಟಾರ್ಚ್ ಇರಲಿ. ಕಾಲಿಗೆ ಬೂಟು ಹಾಕಿಕೊಂಡು ಬನ್ನಿ, ಚಪ್ಪಲಿ ಜಲ್ಲಿಯ ಮೇಲೆ ಜಾರುತ್ತದೆ.

ಇಂತಿ,
ಅಪ್‌ಡೌನ್ ಮಾಡುವ ಒಬ್ಬ ಪಾಸುದಾರಳು
ಕಲಬುರಗಿ ಜಿಲ್ಲೆ