ಟೂರ್ ದ ಫ್ರಾನ್ಸ್ ಸಾಕು, ಜಲ್ಲಿ ದಾರಿಯ ಬಗ್ಗೆಯೂ ಬರೆಯಿರಿ

ಮಾನ್ಯ ಸಂಪಾದಕರೇ,

ಜುಲೈ ಬಂತೆಂದರೆ ನಿಮ್ಮ ಕ್ರೀಡಾ ಪುಟದಲ್ಲಿ ಟೂರ್ ದ ಫ್ರಾನ್ಸ್ ಸೈಕಲ್ ರೇಸ್ ಶುರುವಾಗುತ್ತದೆ. ಒಟ್ಟು ಲೆಕ್ಕದಲ್ಲಿ ಮುಂದಿರುವವರು ತೊಡುವ ಹಳದಿ ಜೆರ್ಸಿ, ಆಲ್ಪ್ಸ್ ಬೆಟ್ಟ, ಬಿದ್ದು ಮಂಡಿ ಕೆತ್ತಿಕೊಂಡವರ ಫೋಟೊ. ಬೇಡ ಅಂತಲ್ಲ, ನಾನೂ ಓದುತ್ತೇನೆ. ಆದರೆ ಈ ಸಲ ಒಂದು ಬರಹದಲ್ಲಿ ಫ್ರಾನ್ಸಿನಲ್ಲಿ ಸೈಕಲ್ ತುಳಿಯಲು ಉಕ್ಕಿನ ಕಾಲು ಬೇಕು ಎಂಬ ಅರ್ಥದ ಮಾತಿತ್ತಲ್ಲ, ಅದನ್ನು ಓದಿ ಸುಮ್ನಿರಲು ಆಗಲಿಲ್ಲ. ನನಗೆ 61 ವರ್ಷ. ಎಡ ಮಂಡಿ ನೋವು. ಮಗಳು ರೆನ್ ನಗರದಲ್ಲಿದ್ದಾಳೆ, ಅವಳ ಮನೆಗೆ ಹೋದಾಗಲೆಲ್ಲ ಬ್ರಿಟನಿಯ (ಬ್ರಿಟನ್ ಅಲ್ಲ, ಫ್ರಾನ್ಸಿನ ಪಶ್ಚಿಮದ ಮೂಲೆ) ಹಳ್ಳಿಗಳ ನಡುವೆ ಸೈಕಲ್ ತುಳಿದಿದ್ದೇನೆ, ಅದೂ ಗಂಟೆಗಟ್ಟಲೆ ಒಂದು ಕಾರೂ ಎದುರಾಗದ ದಾರಿಯಲ್ಲಿ.

ಆ ಜಲ್ಲಿ ದಾರಿ ನಾಂತ್‌ನಿಂದ ಬ್ರೆಸ್ಟ್‌ಗೆ ಹೋಗುವ ಕಾಲುವೆಯ ದಂಡೆ. ಉದ್ದ 364 ಕಿಲೋಮೀಟರ್. ನೆಪೋಲಿಯನ್ ಕಾಲದಲ್ಲಿ ಇಂಗ್ಲಿಷರ ಹಡಗುಗಳು ಸಮುದ್ರದಲ್ಲಿ ಕಾಯುತ್ತಾ ಕೂತಿದ್ದವು, ಹಾಗಾಗಿ ಒಳನಾಡಿನಲ್ಲೇ ನೀರಿನ ದಾರಿ ಬೇಕು ಎಂದು ಅಗೆಯಲು ಹೊರಟರು. ಮುಗಿಯುವಷ್ಟರಲ್ಲಿ 1842 ಆಯಿತು, ನೆಪೋಲಿಯನ್ನೂ ಇರಲಿಲ್ಲ, ಆ ಯುದ್ಧವೂ ಇರಲಿಲ್ಲ. ಗ್ಲೊಮೆಲ್ ಬಳಿ ಕಾಲುವೆ ಅತಿ ಎತ್ತರದಲ್ಲಿ ಹಾದುಹೋಗುವ ಕಡೆ ಗುಡ್ಡ ಸೀಳಬೇಕಿತ್ತು. ಅದಕ್ಕೆ ಬ್ರೆಸ್ಟ್ ಜೈಲಿನ ಕೈದಿಗಳನ್ನು ತಂದರು, 1823ರಿಂದ 1832ರವರೆಗೆ ಗುದ್ದಲಿಯಲ್ಲಿ ಅಗೆಸಿದರು. ಇವತ್ತು ಅಲ್ಲಿ ಎರಡೂ ಕಡೆ ಮರ, ನಡುವೆ ತಣ್ಣಗಿನ ನೆರಳು. ಅಷ್ಟು ಚೆಂದದ ಜಾಗ ಹೇಗೆ ಆಯಿತು ಅಂತ ಗೊತ್ತಾದ ಮೇಲೆ ಅಲ್ಲಿ ಕೂತು ತಿಂಡಿ ತಿನ್ನಲು ನನಗೆ ಸ್ವಲ್ಪ ಮುಜುಗರವೇ ಆಯಿತು.

ಸೈಕಲ್ಲಿನವರಿಗೆ ಈ ದಂಡೆ ಸಿಕ್ಕಿದ್ದು ಕುದುರೆಗಳ ದಯೆಯಿಂದ. ಆಗ ದೋಣಿಗೆ ಹಗ್ಗ ಕಟ್ಟಿ ಕುದುರೆ, ಕೆಲವೊಮ್ಮೆ ಮನುಷ್ಯರೇ, ದಡದ ಮೇಲೆ ನಡೆಯುತ್ತಾ ಎಳೆಯಬೇಕಿತ್ತು. ಎಳೆಯುವವರಿಗೆ ಏರು ಇರಬಾರದು, ಅಡ್ಡ ಬರುವ ಮರ ಇರಬಾರದು. ಆ ದಾರಿ ಹಾಗೇ ಉಳಿದಿದೆ. ನೀರು ಮಟ್ಟವಾಗಿರುವಷ್ಟೂ ದೂರ ದಾರಿಯೂ ಮಟ್ಟ. ಲಾಕ್ ಗೇಟ್ (ನೀರು ಏರಿಸಿ ಇಳಿಸಿ ದೋಣಿಯನ್ನು ಒಂದು ಮಟ್ಟದಿಂದ ಇನ್ನೊಂದಕ್ಕೆ ದಾಟಿಸುವ ಕಟ್ಟೆ) ಬಂದಾಗ ಮಾತ್ರ ಒಂದು ಸಣ್ಣ ಏರು, ಹತ್ತು ಸಲ ಪೆಡಲ್ ತುಳಿದರೆ ಮುಗಿಯಿತು. ಮೂಲ ಕಾಲುವೆಗೆ 238 ಲಾಕ್‌ಗಳಿದ್ದವು. ರೊಆನ್‌ನಿಂದ ಪೋಂತಿವಿಗೆ ಹೋಗುವಾಗಲೇ 50ಕ್ಕೂ ಹೆಚ್ಚು ಬರುತ್ತವೆ. ಮಗಳು ಎಣಿಸಲು ಶುರುಮಾಡಿ ಮೂವತ್ತೊಂದಕ್ಕೆ ಬಿಟ್ಟಳು. ಲಾಕ್ ಕಾಯುವವರಿಗೆಂದು ಕಟ್ಟಿದ ಪುಟ್ಟ ಮನೆಗಳ ಮುಂದೆ ಈಗ ಹೂವಿನ ಕುಂಡ. ಕೆಲವು ಕಡೆ ಕಾಫಿಯೂ ಸಿಗುತ್ತದೆ.

ಜಲ್ಲಿ ಅಂದಾಗ ರೈಲು ಹಳಿಗೆ ಸುರಿಯುವ ದಪ್ಪ ಕಲ್ಲು ನೆನೆಸಿಕೊಳ್ಳಬೇಡಿ. ಕಲ್ಲುಪುಡಿ, ಮರಳು ಹಾಸಿ ರೋಲರ್ ಹೊಡೆದು ಗಟ್ಟಿ ಮಾಡಿರುತ್ತಾರೆ. ಒಣಗಿದ್ದಾಗ ಚಕ್ರದಿಂದ ಸರಸರ ಅಂತ ಸಣ್ಣ ಸದ್ದು ಬರುತ್ತದೆ, ಅಷ್ಟೇ. ರೇಸಿನ ಸಪೂರ ಟೈರ್ ಇಲ್ಲಿ ಬೇಡ. 40 ಮಿಲಿಮೀಟರಿನ ಆಸುಪಾಸಿನ ಟೈರ್ ಹಾಕಿ, ಗಾಳಿ ಸ್ವಲ್ಪ ಕಮ್ಮಿ ಇಟ್ಟರೆ ಬೆನ್ನು, ಅಂಗೈ ಎರಡೂ ಉಳಿಯುತ್ತವೆ. ಮಳೆ ಬಂದರೆ ಮಾತ್ರ ಆಟವೇ ಬೇರೆ, ಮತ್ತು ಬ್ರಿಟನಿಯಲ್ಲಿ ಮಳೆ ಬರುತ್ತದೆ. ಆ ಪುಡಿ ಬೂದು ಬಣ್ಣದ ಹಿಟ್ಟಿನಂತೆ ಮೆತ್ತಗಾಗಿ ಚೈನಿಗೆ, ಬ್ರೇಕಿಗೆ, ಸಾಕ್ಸಿಗೆ ಅಂಟಿಕೊಳ್ಳುತ್ತದೆ. ಅಳಿಯ ಸಂಜೆ ನನ್ನ ಸೈಕಲ್ ತೊಳೆದು 'ಅತ್ತೆ, ನೀವು ಸಿಮೆಂಟ್ ಕೆಲಸಕ್ಕೆ ಹೋಗಿದ್ರಾ' ಅಂತ ಕೇಳಿದ್ದ.

ಈಗ ನಿಮ್ಮ ಟೂರ್‌ಗೆ ಬರುತ್ತೇನೆ. ಮ್ಯೂರ್ ದ ಬ್ರೆತಾನ್ಯ ಎಂಬ ಊರಿನ ಏರಿನ ಹೆಸರು ನಿಮ್ಮ ಪುಟದಲ್ಲೇ ಬಂದಿರಬೇಕು. 2011ರಲ್ಲಿ ಆಸ್ಟ್ರೇಲಿಯಾದ ಕ್ಯಾಡಲ್ ಇವಾನ್ಸ್ ಅಲ್ಲಿ ಆ ದಿನದ ಓಟ ಗೆದ್ದರು. 2021ರಲ್ಲಿ ಮಾಥ್ಯೂ ವಾನ್ ಡೆರ್ ಪೂಲ್ ಗೆದ್ದು ಹಳದಿ ಜೆರ್ಸಿ ತೊಟ್ಟರು, ಅವರ ತಾತ, ಹಿಂದಿನ ಕಾಲದ ಹೆಸರಾಂತ ಸೈಕಲ್ ಪಟು ರೇಮೋಂ ಪೂಲಿದೋರ್‌ಗೆ ಜೀವಮಾನದಲ್ಲಿ ಒಂದು ದಿನವೂ ಅದು ಸಿಕ್ಕಿರಲಿಲ್ಲ. ಇದೆಲ್ಲ ಟಿವಿಯಲ್ಲಿ ಬಂತು. ಅದೇ ಊರಿನ ಪಕ್ಕದಲ್ಲಿ ಗೆರ್ಲೆದಾಂ ಜಲಾಶಯವಿದೆ. 1930ರಲ್ಲಿ ಮುಗಿದ ಆ ಅಣೆಕಟ್ಟು ಕಾಲುವೆಯನ್ನು ಎರಡು ತುಂಡು ಮಾಡಿತು, 17 ಲಾಕ್‌ಗಳು ನೀರಿನಡಿ ಹೋದವು. 2015ರಲ್ಲಿ ನೀರು ಖಾಲಿ ಮಾಡಿದಾಗ ಮುಳುಗಿದ್ದದ್ದೆಲ್ಲ ಮತ್ತೆ ಕಂಡಿತು, ಜನ ಜಾತ್ರೆಯಂತೆ ನೋಡಲು ಬಂದರು. ದೋಣಿಗಳಿಗೆ ಅಲ್ಲಿ ದಾರಿ ಮುಗಿಯಿತು, ಸೈಕಲ್ಲಿಗೆ ಮುಗಿಯಲಿಲ್ಲ. ಯಾಕೆಂದರೆ ಕರೇ ಊರಿನಿಂದ ಲುದೆಯಾಕ್‌ಗೆ ಹೋಗುತ್ತಿದ್ದ ಹಳೆಯ ಮೀಟರ್‌ಗೇಜ್ ರೈಲು ದಾರಿ ಅಲ್ಲೇ ಹಾದುಹೋಗುತ್ತದೆ. ಆ ರೈಲು 1967ರಲ್ಲಿ ನಿಂತಿತು. ಹಳಿ ಕಿತ್ತ ಜಾಗ ಈಗ ಜಲ್ಲಿ ದಾರಿ. ಮೇಲೆ ರೇಸಿನವರು ಏದುಸಿರು ಬಿಟ್ಟ ಏರು, ಕೆಳಗೆ ನಾನು ಬ್ರೆಡ್ಡು ಕಡಿಯುತ್ತಾ ತುಳಿಯುವ ದಾರಿ, ಎರಡಕ್ಕೂ ಒಂದೇ ಊರು.

ರೈಲು ಹೋದ ದಾರಿ ಸೈಕಲ್ಲಿಗೆ ಒಳ್ಳೆಯದು, ರೈಲಿಗೂ ಏರು ಆಗಿಬರುವುದಿಲ್ಲ ಅಲ್ವಾ. ಬರ್ಗಂಡಿಯಲ್ಲಿ ಜಿವ್ರಿಯಿಂದ ಕ್ಲೂನಿಗೆ ಹೀಗೆಯೇ ಒಂದು ದಾರಿ 1997ರಲ್ಲಿ ಆಯಿತು, ದ್ರಾಕ್ಷಿ ತೋಟಗಳ ಪಕ್ಕದಲ್ಲಿ. ಅದು ಡಾಂಬರು, ಹಾಗಾಗಿ ನಮ್ಮ ಜಲ್ಲಿ ಪಂಗಡಕ್ಕೆ ಸೇರುವುದಿಲ್ಲ, ಆದರೂ ಹೇಳಿದೆ. ಇಂಥವುಗಳನ್ನು ಅಲ್ಲಿ 'ವುವಾ ವೆರ್ತ್', ಅಂದರೆ ಹಸಿರು ದಾರಿ, ಅನ್ನುತ್ತಾರೆ. 2004ರಿಂದ ಅದಕ್ಕೆ ಸಂಚಾರ ನಿಯಮದಲ್ಲೇ ಜಾಗವಿದೆ: ಮೋಟಾರ್ ಗಾಡಿಗೆ ಪ್ರವೇಶವಿಲ್ಲ, ನಡೆಯುವವರು, ಸೈಕಲ್ಲಿನವರು, ಕುದುರೆ ಸವಾರರು ಎಲ್ಲರದ್ದೂ. ರಸ್ತೆ ದಾಟುವ ಕಡೆ ಕಾರು ನುಗ್ಗದಂತೆ ಅಡ್ಡಗೇಟು. ಹಿಂದೆ ಚೀಲ ಕಟ್ಟಿದ ಸೈಕಲ್ ಅದರಲ್ಲಿ ಸಿಕ್ಕಿಕೊಂಡು ನಾನು ಎರಡು ಸಲ ಬೈದುಕೊಂಡಿದ್ದೇನೆ, ನಿಜ. ಹೊಲದ ನಡುವಿನ ಹಳ್ಳಿ ದಾರಿಗಳದ್ದು ಬೇರೆ ಕತೆ. ಅವು ಪಂಚಾಯಿತಿಯ ಆಸ್ತಿ, ಎಲ್ಲರೂ ಓಡಾಡಬಹುದು, ಟ್ರ್ಯಾಕ್ಟರ್ ಬರುತ್ತದೆ. ಬಂದರೆ ಪಕ್ಕಕ್ಕೆ ಸರಿದು ನಿಲ್ಲಬೇಕು, ಅವರು ಕೈ ಎತ್ತಿ 'ಬೋಂಜೂರ್' ಅನ್ನುತ್ತಾರೆ.

ನಿಮ್ಮ ಓದುಗರಿಗೆ ಉಪಯೋಗಕ್ಕೆ ಬರುವ ಎರಡು ಮೂರು ಮಾತು. ಸೋಮವಾರ ಹಳ್ಳಿಯ ಬೇಕರಿಗೆ ಎಷ್ಟೋ ಕಡೆ ರಜೆ, ಉಳಿದ ದಿನ ಮಧ್ಯಾಹ್ನ ಊಟದ ಹೊತ್ತಿಗೆ ಅಂಗಡಿ ಬಾಗಿಲು ಹಾಕುತ್ತಾರೆ. ನಾವು ಒಂದು ಸೋಮವಾರ ಅರ್ಧ ಪ್ಯಾಕೆಟ್ ಬಿಸ್ಕತ್ತಿನಲ್ಲಿ ಸಂಜೆಯವರೆಗೆ ತುಳಿದೆವು, ಯಾರೂ ಯಾರ ಜೊತೆಗೂ ಮಾತಾಡಲಿಲ್ಲ. ನೀರು ಬೇಕೆಂದರೆ ಊರಿನ ಸ್ಮಶಾನಕ್ಕೆ ಹೋಗಬೇಕು. ಗೋರಿಯ ಹೂವಿಗೆ ನೀರು ಹಾಕಲು ಅಲ್ಲಿ ನಲ್ಲಿ ಇರುತ್ತದೆ, ಸೈಕಲ್ಲಿನವರೆಲ್ಲ ಅಲ್ಲೇ ಬಾಟಲಿ ತುಂಬಿಸುತ್ತಾರೆ. ಮೊದಲ ದಿನ 'ಸ್ಮಶಾನದ ನೀರಾ!' ಅಂತ ನಾನು ಸೈಕಲ್ಲಿನಿಂದ ಇಳಿಯಲೇ ಇಲ್ಲ. ಮೂರನೇ ದಿನ ದೂರದಿಂದ ಚರ್ಚಿನ ಗೋಪುರ ಕಂಡರೆ ಸ್ಮಶಾನ ಎಲ್ಲಿ ಅಂತ ನಾನೇ ಮೊದಲು ಹುಡುಕುತ್ತಿದ್ದೆ. 'ನೋಂ ಪೊತಾಬ್ಲ್' ಅಂತ ಬರೆದಿದ್ದರೆ ಕುಡಿಯಬೇಡಿ, ಅಷ್ಟೇ. ಸೆಪ್ಟೆಂಬರಿನಿಂದ ಫೆಬ್ರುವರಿವರೆಗೆ ಬೇಟೆಯ ಕಾಲ, ಆಗ ಕಾಡಿನ ದಾರಿ ಹಿಡಿದರೆ ದೂರದಿಂದಲೇ ಎದ್ದು ಕಾಣುವ ಬಣ್ಣದ ಅಂಗಿ ಹಾಕಿಕೊಳ್ಳಿ.

ಈಚೆಗೆ ಜಲ್ಲಿ ಸೈಕಲ್ ಫ್ಯಾಷನ್ ಆಗಿದೆ. ಬಗ್ಗಿದ ಹ್ಯಾಂಡಲ್ಲಿನ ದುಬಾರಿ ಸೈಕಲ್ಲಿನಲ್ಲಿ ಕೆಲವರು ಗಂಟೆ ಹೊಡೆಯದೆ ಸುಂಯ್ ಅಂತ ಪಕ್ಕದಲ್ಲೇ ಹಾದುಹೋಗುತ್ತಾರೆ, ಎದುರಿಗೆ ತಾತ ಮೊಮ್ಮಗಳ ಕೈ ಹಿಡಿದು ಬರುತ್ತಿದ್ದರೂ. ಅಂಥವರಿಗೆ ಟೂರ್ ದ ಫ್ರಾನ್ಸ್ ರಸ್ತೆ ಇದೆಯಲ್ಲ, ಅಲ್ಲಿಗೆ ಹೋಗಲಿ.

ಮುಂದಿನ ಜುಲೈನಲ್ಲಿ ಕ್ರೀಡಾ ಪುಟದಲ್ಲಿ ಜಾಗ ಇಲ್ಲ ಅಂದರೆ ಭಾನುವಾರದ ಪುರವಣಿಯಲ್ಲಾದರೂ ಈ ಕಾಲುವೆ ದಂಡೆಯ ಬಗ್ಗೆ ಅರ್ಧ ಪುಟ ಕೊಡಿ. ಫೋಟೊ ಬೇಕಿದ್ದರೆ ನನ್ನ ಬಳಿ ಬೇಕಾದಷ್ಟಿವೆ. ಅರ್ಧದಷ್ಟರಲ್ಲಿ ಮಗಳ ಬೆನ್ನು ಮಾತ್ರ ಕಾಣುತ್ತದೆ, ಅವಳು ಯಾವಾಗಲೂ ಮುಂದೆ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು